ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್

‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಕನ್ನಡಿಗರು ಬಲ್ಲ ಕೆ. ವಿ. ಅಯ್ಯರವರು ದೇಹದಾರ್ಢ್ಯದ ಕ್ಷೇತ್ರದಲ್ಲಿಯೂ ಆಚಾರ್ಯಪದವಿಗೆ ಏರಿದವರು. ಓದುವ ಹುಡುಗನಿಗೆ ಗರಡಿಯೇಕೆ, ಗರಡಿಯ ಹುಡುಗನಿಗೆ ಓದೇಕೆ ಎಂಬ ಭಾವನೆ ನಮ್ಮ ಮನೆಗಳಿಂದ ಇನ್ನೂ ಅಳಿದಿಲ್ಲ. ಅದಕ್ಕೆ ಅಯ್ಯರವರ ಬಾಳೇ ಉತ್ತರವಾದುದರಿಂದ ಅವರನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಕೋಲಾರದ ವೆಂಕಟೇಶ ಅಯ್ಯರ್ ಜನಿಸಿದುದು ೧೮೯೭ರಲ್ಲಿ. ಅವರ ಬಾಲ್ಯಕಾಲದಲ್ಲಿ ಯೂರೋಪಿನ ಸುಪ್ರಸಿದ್ಧ ಬಲಶಾಲಿ ಯೂಜಿನ್ ಸ್ಯಾಂಡೋ ಭಾರತದಲ್ಲಿ ಸಂಚರಿಸಿದ್ದನು. ನಮ್ಮ ತರುಣರಲ್ಲಿ ದೇಹಸೌಷ್ಠವದ ಹಂಬಲ ಹೊತ್ತಿಕೊಂಡಿತ್ತು. ಅಯ್ಯರವರು ಪಾಶ್ಚಾತ್ಯರ ಭಾರಸಾಧನೆಯನ್ನು ಕಲಿತರು. ಆದರೆ ನಮ್ಮದನ್ನು ತೊರೆಯಲಿಲ್ಲ. ಬೆಂಗಳೂರಿನ ತಮ್ಮ ಹರ್ಕ್ಯುಲೀಸ್ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಗುಂಡುಗಳಿಗೂ ಸೂರ್ಯನಮಸ್ಕಾರಕ್ಕೂ ಸಮಾನವಾದ ಸ್ಥಾನ ಕೊಟ್ಟರು. ಯೋಗಾಚಾರ್ಯ ಸುಂದರಂ ಅವರ ಸಹಯೋಗವೂ ದೊರೆಯಿತು. ೧೯೩೦ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಗ್ರಂಥವನ್ನೂ, ಮುಂದೆ ಸೂರ್ಯನಮಸ್ಕಾರವನ್ನು ಕುರಿತ ಗ್ರಂಥವನ್ನೂ ಪ್ರಕಟಿಸಿದರು.

ಗ್ರೀಕ್ ಶಿಲ್ಪದ ಭಂಗಿಯಲ್ಲಿ ನಿಂತ ಅಯ್ಯರವರ ಛಾಯಾಚಿತ್ರಗಳನ್ನು ನೋಡಿದವರ ದೃಷ್ಟಿ ಮೊದಲು ನಿಲ್ಲುವುದು ಉದರಭಾಗದ ಮೇಲೆ. ಎದೆಗೂಡಿನಿಂದ ಕೆಳಹೊಟ್ಟೆಯವರೆಗೆ ಇಳಿಯುವ ನೀಳಸ್ನಾಯುವನ್ನು ಅಡ್ಡಪಟ್ಟಿಗಳು ಭಾಗಿಸಿರುವುದರಿಂದಲೇ ಅಲ್ಲಿ ಇಟ್ಟಿಗೆ ಜೋಡಿಸಿದಂತೆ ಗೆರೆಗಳು ಮೂಡುತ್ತವೆ. ಈ ಸ್ನಾಯು ಎಲ್ಲರಲ್ಲಿಯೂ ಉಂಟು. ಮೇಲಿನ ಕೊಬ್ಬು ಅದನ್ನು ಮರೆಮಾಡಿರುತ್ತದೆ. ಹೊಟ್ಟೆಯೊಂದನ್ನೇ ದಂಡಿಸಿದರೆ ಅಲ್ಲಿಯ ಕೊಬ್ಬು ಮಾತ್ರ ಕರಗುವುದೆಂಬುದನ್ನು ಇಂದಿನ ಶಾಸ್ತ್ರ ಒಪ್ಪುವುದಿಲ್ಲ. ಹಿತಮಿತವಾದ ಆಹಾರವೂ ಸರ್ವಾಂಗದ ದುಡಿಮೆಯೂ ಕೂಡಿಬರಬೇಕು. ಸೂರ್ಯನಮಸ್ಕಾರದ ಹಿರಿಮೆ ಇರುವುದು ಇಲ್ಲಿಯೇ: ಮುಂದಕ್ಕೆ ಬಾಗಿದಾಗ ಉದರ ಮಡಿಯುತ್ತದೆ, ಅಂಗೈ ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೀಡಿದಾಗ ಬಿಗಿಯುತ್ತದೆ, ಎದೆಯನ್ನು ಮೇಲೆತ್ತಿದಾಗ ಹಿಗ್ಗುತ್ತದೆ. ಉಸಿರನ್ನು ಪೂರ್ಣವಾಗಿ ಹೊರಬಿಟ್ಟು, ಹೊಟ್ಟೆಯನ್ನು ಒಳಸೆಳೆದು, ನಡುವಿನ ಸ್ನಾಯುವನ್ನು ಕಂಬದಂತೆ ನಿಲ್ಲಿಸುವ ನೌಲಿಯು ಇನ್ನೂ ಕಠಿನವಾದ ಸಾಧನೆ. ಅದನ್ನು ಬರಿಹೊಟ್ಟೆಯಲ್ಲಿ, ಬಲ್ಲವರ ಮುಂದೆಯೇ ಅಭ್ಯಾಸ ಮಾಡತಕ್ಕದ್ದು.

ಗೆರೆಗಳು ಕಣ್ಣಿಗೆ ಚೆಂದ. ಆದರೆ ಅವುಗಳ ಹಿಂದಿರುವ ಬಲವೇ ಬಾಳಿಗೆ ಆಧಾರ. ನಾರಾಯಣಪೇಟೆಯ ಗುಂಡಿಮಗ್ಗದ ಮುಂದೆ ದಿನವಿಡೀ ಬಾಗಿ ಸೀರೆ ನೇಯುವವರಿಗೂ, ಪುಸ್ತಕದ ಮೇಲೆ ಬಾಗಿದ ಅವರ ಮಕ್ಕಳಿಗೂ ಬೆನ್ನನ್ನು ಹಿಡಿದು ನಿಲ್ಲಿಸುವಲ್ಲಿ ಉದರಸ್ನಾಯುಗಳ ಪಾತ್ರ ಹಿರಿದು. ಇದಕ್ಕೆ ಹಣ ಬೇಡ. ಚಾಪೆಯಗಲದ ನೆಲವೂ ನಿತ್ಯನಿಯಮವೂ ಸಾಕು.

ಅಯ್ಯರವರು ಅಂಚೆಯ ಮೂಲಕವೂ ವ್ಯಾಯಾಮಶಿಕ್ಷಣ ನೀಡುತ್ತಿದ್ದರೆಂಬುದು ನಮಗೆ ವಿಶೇಷವಾಗಿ ಮನನೀಯ. ಬೆಂಗಳೂರನ್ನು ಕಾಣದವನೂ ಅವರ ಶಿಷ್ಯನಾಗಬಹುದಾಗಿತ್ತು. ಗುರು ದೂರದಲ್ಲಿದ್ದರೂ ಪಾಠ ಮನೆಯ ಬಾಗಿಲಿಗೆ ಬರುತ್ತಿತ್ತು. ಬಂದ ಪಾಠವನ್ನು ಬೆಳಗಿನ ಜಾವ ಎದ್ದು ಸಾಧಿಸಬೇಕಾದವನು ಮಾತ್ರ ಶಿಷ್ಯನೇ. ೧೯೫೬ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಗಡಿಯ ಈಚೆ ಉಳಿದ ನಮ್ಮ ಕನ್ನಡದ ಸ್ಥಿತಿಯೂ ಇದೇ ಅಲ್ಲವೇ? ಪುಸ್ತಕ ಆಚೆಯಿಂದ ಬರಬಹುದು. ಓದುವ ಅಭ್ಯಾಸ ನಮ್ಮ ಮನೆಯಲ್ಲಿಯೇ ನಡೆಯಬೇಕು.

ದೇಹವನ್ನು ತಿದ್ದಿದ ಶ್ರದ್ಧೆಯಿಂದಲೇ ಅಯ್ಯರವರು ಭಾಷೆಯನ್ನೂ ತಿದ್ದಿಕೊಂಡರು. ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತಮಿತ್ರರಾಗಿದ್ದರು; ಆ ಸ್ನೇಹದ ಸ್ಮರಣೆಯನ್ನು ಗ್ರಂಥರೂಪದಲ್ಲಿ ಉಳಿಸಿದರು. ‘ಶಾಂತಲಾ’ದಲ್ಲಿ ಹೊಯ್ಸಳರ ವೈಭವಕ್ಕೆ ಜೀವ ತುಂಬಿದರು. ‘ರೂಪದರ್ಶಿ’ಯಲ್ಲಿ ಕಲಾವಿದ ಮೈಕೆಲೇಂಜೆಲೋವಿನ ಕಥೆಯ ಮೂಲಕ, ದೇಹದ ಚೆಲುವು ನಡತೆಗೆಟ್ಟಾಗ ಹೇಗೆ ಕೆಡುವುದೆಂಬುದನ್ನು ಮನಮುಟ್ಟುವಂತೆ ತೋರಿಸಿದರು. ಅಂಗಸಾಧನೆಯನ್ನೇ ವೃತ್ತಿಯಾಗಿಸಿಕೊಂಡವರು ಈ ಕಥೆಯನ್ನು ಆರಿಸಿಕೊಂಡುದು ಅರ್ಥಪೂರ್ಣವಾಗಿದೆ.

೧೯೮೦ರಲ್ಲಿ ಅಯ್ಯರವರು ಕಾಲವಶರಾದರು. ಅವರ ಕೃತಿಯೊಂದು ನಮ್ಮ ಪ್ರತಿ ಮನೆಯ ಕಪಾಟಿನಲ್ಲಿ ಇರಲಿ, ಆ ಕಪಾಟಿನ ಮುಂದೆ ನಮ್ಮ ಹುಡುಗ ಹುಡುಗಿಯರು ಸೂರ್ಯನಮಸ್ಕಾರಕ್ಕೆ ನಿಲ್ಲಲಿ ಎಂದು ಹಾರೈಸುತ್ತೇವೆ.