ಡಾ. ಎಂ. ವಿ. ಗೋಪಾಲಸ್ವಾಮಿ: ಮನೋವಿಜ್ಞಾನವನ್ನು ಕನ್ನಡ ನಾಡಿಗೆ ತಂದ ಅಧ್ಯಾಪಕ

ಬಿ.ಇಡಿ. ಪ್ರಶಿಕ್ಷಣಾರ್ಥಿಗಳಿಗೆ ನಾನು ಬೋಧಿಸುವುದು ಮನೋವಿಜ್ಞಾನದ ಪತ್ರಿಕೆ. ಅದರ ಮೊದಲ ಘಟಕದಲ್ಲಿ ಹೆಸರುಗಳ ದೊಡ್ಡ ಸಾಲೇ ಇದೆ. ವುಂಟ್, ಬಿನೆ, ಸ್ಪಿಯರ್‌ಮನ್, ಥಾರ್ನ್‌ಡೈಕ್, ಪಾವ್ಲೋವ್. ಹೆಸರಿನ ಮುಂದೆ ಇಸವಿ, ಇಸವಿಯ ಮುಂದೆ ವ್ಯಾಖ್ಯೆ ಬರೆದುಕೊಂಡು ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕಾಗುತ್ತದೆ. ಆದರೆ ಅಭ್ಯಾಸ ಬೋಧನೆಗೆಂದು ಕಮತಗಿಯ ಸುತ್ತಲಿನ ಶಾಲೆಗಳಿಗೆ ಹೋದಾಗ ಈ ಹೆಸರುಗಳಿಗೂ ಎದುರಿಗೆ ಕುಳಿತ ಮಕ್ಕಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುತ್ತದೆ. ಈ ಸಾಲಿನಲ್ಲಿ ನಮ್ಮ ನಾಡಿನವರು ಯಾರೂ ಇಲ್ಲವೆ ಎಂದೂ ಕೆಲವರು ಕೇಳುತ್ತಾರೆ. ಅವರಿಗೆ ನಾನು ಹೇಳುವ ಹೆಸರು ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿ.

ಗೋಪಾಲಸ್ವಾಮಿಯವರ ಹೆಸರು ಬಹಳ ಜನಕ್ಕೆ ಗೊತ್ತಿರುವುದು ಆಕಾಶವಾಣಿಯ ಕಾರಣದಿಂದ. ಅವರು ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದರು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಶಿಕ್ಷಕರಾಗುವವರಿಗೆ ಮುಖ್ಯವಾಗಬೇಕಾದದ್ದು ಈ ಎರಡನೆಯ ಸಂಗತಿ.

ಅವರು ಹುಟ್ಟಿದ್ದು 1896ರಲ್ಲಿ. ಆಗ ಮನೋವಿಜ್ಞಾನವೇ ಎಳೆಯ ಶಾಸ್ತ್ರ. ವಿಲ್‌ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಶಾಲೆ ತೆರೆದು (1879) ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅದಕ್ಕೆ ಮೊದಲು ಮನಸ್ಸಿನ ವಿಚಾರ ತತ್ತ್ವಶಾಸ್ತ್ರದ ಒಂದು ಭಾಗವಾಗಿತ್ತು. ಮನಸ್ಸಿನ ಕ್ರಿಯೆಗಳನ್ನೂ ಅಳೆಯಬಹುದು, ಒಬ್ಬರು ಮಾಡಿದ ಪ್ರಯೋಗವನ್ನು ಇನ್ನೊಬ್ಬರು ಮಾಡಿ ನೋಡಬಹುದು ಎಂಬ ಹಾದಿಯನ್ನು ವುಂಟ್ ತೆರೆದರು. ಅವರ ಶಿಷ್ಯರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಒಬ್ಬರು. ಸ್ಪಿಯರ್‌ಮನ್ ಮೊದಲು ಸೈನ್ಯಾಧಿಕಾರಿ. ಆ ಕೆಲಸ ಬಿಟ್ಟು, ತಡವಾಗಿ ವಿದ್ಯಾರ್ಥಿಯಾಗಿ, ಕೊನೆಗೆ ಲಂಡನ್ನಿನಲ್ಲಿ ಪ್ರಾಧ್ಯಾಪಕರಾದರು. ಗೋಪಾಲಸ್ವಾಮಿ ಲಂಡನ್ನಿಗೆ ಹೋಗಿ ಇವರ ಬಳಿ ಸಂಶೋಧನೆ ಮಾಡಿ ಪಿಎಚ್.ಡಿ. ಪಡೆದರು. ಹೀಗೆ ಲೈಪ್‌ಜಿಗ್‌ನಿಂದ ಲಂಡನ್ನಿಗೆ, ಲಂಡನ್ನಿನಿಂದ ಮೈಸೂರಿಗೆ ಮೂರು ತಲೆಮಾರಿನ ಗುರುಪರಂಪರೆ ಬೆಳೆಯಿತು.

ಸ್ಪಿಯರ್‌ಮನ್ ಅವರ ಎರಡು ಅಂಶಗಳ ಸಿದ್ಧಾಂತ ನಮ್ಮ ಪಠ್ಯದಲ್ಲಿದೆ. ಅದರ ಮೂಲ ಒಂದು ಶಾಲೆಯಲ್ಲಿದೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. 1904ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕೆ ಇಂಗ್ಲೆಂಡಿನ ಹಳ್ಳಿ ಶಾಲೆಯೊಂದರ ಮಕ್ಕಳು ಒಳಗಾಗಿದ್ದರು. ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಬೇರೆ ವಿಷಯಗಳಲ್ಲೂ ಮುಂದಿರುವ ಒಲವು ಅವರಿಗೆ ಕಂಡಿತು. ಎಲ್ಲ ಬೌದ್ಧಿಕ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಅಂಶವಿದೆ, ಪ್ರತಿಯೊಂದು ಕೆಲಸಕ್ಕೂ ಅದರದೇ ನಿರ್ದಿಷ್ಟ ಅಂಶವಿದೆ ಎಂದು ಅವರು ವಾದಿಸಿದರು. ಮರುವರ್ಷ, 1905ರಲ್ಲಿ, ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಮೊದಲ ಬುದ್ಧಿ ಮಾಪನವನ್ನು ಹೊರತಂದರು. ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಬಿನೆಯವರ ಉದ್ದೇಶವಾಗಿತ್ತು. ಯಾವ ಮಗುವನ್ನೂ ಶಾಶ್ವತವಾಗಿ ದಡ್ಡರ ಪಟ್ಟಿಗೆ ಸೇರಿಸುವುದಕ್ಕಾಗಿ ಅವರು ಅದನ್ನು ರೂಪಿಸಲಿಲ್ಲ.

ಗೋಪಾಲಸ್ವಾಮಿಯವರ ಸಂಶೋಧನೆ ಇದೇ ಚರ್ಚೆಯ ಒಂದು ಮೂಲೆಯನ್ನು ಹಿಡಿಯಿತು. ಚಲನ ಕಲಿಕೆಯಲ್ಲಿ, ಅಂದರೆ ಕೈ ಕಣ್ಣುಗಳ ಹೊಂದಾಣಿಕೆಯಿಂದ ಬರುವ ಕೌಶಲದಲ್ಲಿ, ಬುದ್ಧಿಯ ಪಾಲೆಷ್ಟು ಎಂಬುದು ಅವರ ಪ್ರಶ್ನೆ. ಆ ಲೇಖನ 1924ರಲ್ಲಿ ಬ್ರಿಟನ್ನಿನ ಮನೋವಿಜ್ಞಾನ ಪತ್ರಿಕೆಯಲ್ಲಿ ಬಂತು. ನಮ್ಮ ಪ್ರಯೋಗ ತರಗತಿಯ ಕನ್ನಡಿ ಚಿತ್ರಣವನ್ನು ನೆನೆದರೆ ಈ ಬಗೆಯ ಕಲಿಕೆ ಏನೆಂದು ತಿಳಿಯುತ್ತದೆ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವಾಗ ಮೊದಲ ಸಲ ಎಲ್ಲರ ಕೈಯೂ ದಾರಿ ತಪ್ಪುತ್ತದೆ. ಹತ್ತನೆಯ ಸಲಕ್ಕೆ ತಪ್ಪುಗಳು ಇಳಿಯುತ್ತವೆ. ಕಮತಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದ ಮೇಲೆ ಕೂತು ಕಾಲು ತುಳಿಯುತ್ತ ಲಾಳಿ ಓಡಿಸುವವರ ಕೈ ಒಂದೇ ದಿನದಲ್ಲಿ ಪಳಗಿದ್ದಲ್ಲ.

1924 ಇನ್ನೊಂದು ಕಾರಣಕ್ಕೂ ಮುಖ್ಯ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನಕ್ಕೆ ಪ್ರತ್ಯೇಕ ವಿಭಾಗ ಆರಂಭವಾದದ್ದು ಆ ವರ್ಷ. ಅದನ್ನು ಕಟ್ಟುವ ಹೊಣೆ ಗೋಪಾಲಸ್ವಾಮಿಯವರ ಮೇಲೆ ಬಿತ್ತು. ಕಲ್ಕತ್ತೆಯಲ್ಲಿ 1916ರಲ್ಲಿ ಇಂಥ ವಿಭಾಗ ಬಂದಿತ್ತು. ಅದನ್ನು ಬಿಟ್ಟರೆ ದೇಶದಲ್ಲೇ ತೀರ ಮೊದಲಿನವುಗಳಲ್ಲಿ ಮೈಸೂರಿನದು ಒಂದು. ಆಗ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್. ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮವನ್ನು ಮೊದಲು ರೂಪಿಸಿದವರೂ ಅವರೇ. ಹೊಸ ಶಾಸ್ತ್ರದ ಬೆಲೆ ಬಲ್ಲವರು ಮೇಲಿದ್ದರು, ಅದನ್ನು ಕಲಿತು ಬಂದ ತರುಣರು ಕೆಳಗಿದ್ದರು. ವಿಭಾಗ ನೆಲೆಯೂರಿತು.

ಗೋಪಾಲಸ್ವಾಮಿ ಪಾಠದ ಜೊತೆಗೆ ಪ್ರಯೋಗಶಾಲೆಯನ್ನೂ ಬೆಳೆಸಿದರು. ಪ್ರಾಣಿಗಳ ಕಲಿಕೆಯ ಅಧ್ಯಯನಕ್ಕೂ ಅಲ್ಲಿ ಎಡೆ ಸಿಕ್ಕಿತು. ಪಾಶ್ಚಾತ್ಯ ಬುದ್ಧಿ ಪರೀಕ್ಷೆಗಳನ್ನು ಇಲ್ಲಿನವರಿಗೆ ಹೊಂದುವಂತೆ ಮಾರ್ಪಡಿಸುವ ಕೆಲಸಕ್ಕೂ ಅವರು ಕೈಹಾಕಿದರು. ಅದು ಬರಿಯ ಭಾಷಾಂತರದ ಕೆಲಸವಾಗಿರಲಿಲ್ಲ. ಲಂಡನ್ನಿನ ಮಗು ದಿನವೂ ಕಾಣುವ ವಸ್ತುವನ್ನು ನಮ್ಮ ಮಗು ಕಂಡೇ ಇರುವುದಿಲ್ಲ. ಕಾಣದ ವಸ್ತುವಿನ ಹೆಸರು ಹೇಳದ ಮಗುವಿಗೆ ಅಂಕ ಕಳೆದರೆ ಅಳೆದದ್ದು ಅದರ ಅನುಭವವನ್ನು, ಬುದ್ಧಿಯನ್ನಲ್ಲ. ಪ್ರಶ್ನೆಯನ್ನು ಬದಲಿಸಬೇಕು, ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ ನೋಡಬೇಕು, ಯಾವ ವಯಸ್ಸಿಗೆ ಯಾವ ಪ್ರಶ್ನೆ ಸರಿ ಎಂದು ಹೊಸದಾಗಿ ಗೊತ್ತುಮಾಡಬೇಕು. ಪ್ರಮಾಣೀಕರಣ ಎಂದು ನಾವು ಎರಡು ಅಂಕಕ್ಕೆ ಬರೆಯುವ ಶಬ್ದದ ಹಿಂದೆ ಇಷ್ಟು ದುಡಿಮೆ ಇದೆ.

ಆಗ ನಮ್ಮ ಭಾಗ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. ಕಮತಗಿ, ಬಾಗಲಕೋಟೆಗಳು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಈ ಕಡೆ ಅದೇ ಬಗೆಯ ಕೆಲಸ ಧಾರವಾಡದಲ್ಲಿ ನಡೆಯಿತು. ವಿ. ವಿ. ಕಾಮತ್ ಅವರು ಬಿನೆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರ ಪುಸ್ತಕ 1940ರಲ್ಲಿ ಬಂತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಕನ್ನಡದ ಮಗುವನ್ನು ಕನ್ನಡದಲ್ಲೇ ಕೇಳಿ ತಿಳಿಯಬೇಕೆಂಬ ಕಾಳಜಿ ಹೀಗೆ ಎರಡು ಕಡೆ ಕಂಡುಬಂತು.

ಗೋಪಾಲಸ್ವಾಮಿಯವರ ಕುತೂಹಲ ಕಾಲೇಜಿನ ಗೋಡೆಯೊಳಗೆ ನಿಲ್ಲಲಿಲ್ಲ. 1935ರ ಸೆಪ್ಟೆಂಬರ್‌ 10ರಂದು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಸಣ್ಣ ಪ್ರಸರಣ ಯಂತ್ರವೊಂದನ್ನಿಟ್ಟು ರೇಡಿಯೋ ಕೇಂದ್ರ ಆರಂಭಿಸಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಸರ್ಕಾರದ ಆಜ್ಞೆಯಿಂದಾಗಲಿ ಲಾಭಕ್ಕಾಗಲಿ ಹುಟ್ಟಿದ ಕೇಂದ್ರ ಅದಲ್ಲ. ಒಬ್ಬ ಮೇಷ್ಟ್ರು ಕೈಯಿಂದ ಹಣ ಹಾಕಿ ನಡೆಸಿದ ಕೆಲಸ. 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. 1950ರ ದಶಕದ ಉತ್ತರಾರ್ಧದಲ್ಲಿ ದೇಶದ ಬಾನುಲಿಗೆಲ್ಲ ಅದೇ ಹೆಸರು ನಿಂತಿತು. ಮುಂದೆ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದ ಅವರು 1957ರಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು, 1956ರ ನವೆಂಬರ್‌ 1ರಂದು, ನಮ್ಮ ಊರೂ ಅವರ ಊರೂ ಒಂದೇ ರಾಜ್ಯಕ್ಕೆ ಸೇರಿದ್ದವು.

ಈ ಬದುಕಿನಿಂದ ಅಭ್ಯಾಸ ಬೋಧನೆಗೆ ಏನು ಸಿಗುತ್ತದೆ? ನನ್ನ ಮಟ್ಟಿಗೆ ಮುಖ್ಯವಾದದ್ದು ಒಂದೇ. ನಮ್ಮ ಪ್ರಶಿಕ್ಷಣಾರ್ಥಿಗಳು ವ್ಯಕ್ತಿ ಅಧ್ಯಯನದ ದಾಖಲೆಯಲ್ಲಿ ಮಗುವೊಂದರ ಹೆಸರಿನ ಮುಂದೆ ಮಂದಗತಿಯ ಕಲಿಕೆ ಎಂದು ಬಹಳ ಬೇಗ ಬರೆದುಬಿಡುತ್ತಾರೆ. ಎರಡು ವಾರದ ಪರಿಚಯ, ಒಂದು ಘಟಕ ಪರೀಕ್ಷೆ, ಅಷ್ಟೇ ಆಧಾರ. ಆ ಮಗು ಮನೆಯಲ್ಲಿ ಕಂಡಿಕೆ ಸುತ್ತುತ್ತಿರಬಹುದು, ಸೀರೆಯ ಅಂಚಿನ ಎಳೆ ಎಣಿಸುತ್ತಿರಬಹುದು. ಆ ಎಣಿಕೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ ಕಾರಣ ನಮಗೆ ಕಾಣುವುದಿಲ್ಲ. ದಾಖಲೆಯಲ್ಲಿ ಬರೆದ ಮಾತು ತರಗತಿಯ ಶಿಕ್ಷಕರ ಕಿವಿಗೆ ಬೀಳುತ್ತದೆ, ಅಲ್ಲಿಂದ ಮಗುವಿನ ಕಿವಿಗೂ. ಪ್ರಶಿಕ್ಷಣಾರ್ಥಿ ತಿಂಗಳು ಕಳೆದು ಹೊರಟುಹೋಗುತ್ತಾರೆ, ಹಣೆಪಟ್ಟಿ ಅಲ್ಲೇ ಉಳಿಯುತ್ತದೆ.

ಸ್ಪಿಯರ್‌ಮನ್ ಹೇಳಿದ ಸಾಮಾನ್ಯ ಅಂಶವನ್ನು ನಾವು ಒಪ್ಪಬಹುದು, ಬಿಡಬಹುದು. ಅದರ ಮೇಲಿನ ವಾದ ಇನ್ನೂ ಮುಗಿದಿಲ್ಲ. ಆದರೆ ಅಳತೆಗೋಲನ್ನು ಮಗುವಿಗೆ ಹಿಡಿಯುವ ಮೊದಲು ಅಳತೆಗೋಲನ್ನೇ ಪರೀಕ್ಷಿಸುವ ಗೋಪಾಲಸ್ವಾಮಿ, ಕಾಮತ್ ಅವರ ರೀತಿಯನ್ನು ಯಾವ ಪ್ರಶಿಕ್ಷಣಾರ್ಥಿಯೂ ಅನುಸರಿಸಬಹುದು. ಅದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಮುಂದಿನ ಅಭ್ಯಾಸ ಬೋಧನೆಯಲ್ಲಿ ವ್ಯಕ್ತಿ ಅಧ್ಯಯನಕ್ಕೆ ಕೂರುವವರು ಮೂರು ಸಂಗತಿಗಳನ್ನು ಮೊದಲು ಬರೆದುಕೊಳ್ಳಲಿ: ಪ್ರಶ್ನೆಯ ಭಾಷೆ ಮಗುವಿನ ಮನೆಯ ಮಾತಿಗೆ ಹತ್ತಿರವಿತ್ತೆ, ಪ್ರಶ್ನೆಯಲ್ಲಿನ ವಸ್ತು ಮಗು ಕಂಡದ್ದೆ, ಶಾಲೆಯ ಹೊರಗೆ ಆ ಮಗು ಚೆನ್ನಾಗಿ ಮಾಡುವ ಕೆಲಸ ಯಾವುದು. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಷರಾ ಬರೆಯಲಿ. ಮಾರ್ಗದರ್ಶಕ ಅಧ್ಯಾಪಕರು ಸಹಿ ಹಾಕುವ ಮುನ್ನ ಆ ಪುಟವನ್ನು ಕೇಳಿ ನೋಡಲಿ.