ಅಲ್ ಬೆರೂನಿ: ತೀರ್ಪಿಗೆ ಮೊದಲು ತಿಳಿದುಕೊಂಡವರು



ಹಸುವನ್ನೇಕೆ ಪೂಜಿಸುತ್ತೀರಿ, ಹಣೆಗೇಕೆ ಕುಂಕುಮ ಇಡುತ್ತೀರಿ ಎಂದು ನೆರೆಹೊರೆಯವರು ನಮ್ಮನ್ನು ಕೇಳುವುದುಂಟು. ನಾವೂ ಅಷ್ಟೇ, ಅವರ ರೀತಿನೀತಿಗಳನ್ನು ನಮ್ಮ ಅಳತೆಗೋಲಿನಿಂದಲೇ ಅಳೆಯುತ್ತೇವೆ. ಸಾವಿರ ವರ್ಷಗಳ ಹಿಂದೆ ಬೇರೆ ದಾರಿ ಹಿಡಿದ ವಿದ್ವಾಂಸರೊಬ್ಬರ ಪರಿಚಯ ಈ ಬಾರಿ.

ಅಲ್ ಬೆರೂನಿ 973ರಲ್ಲಿ ಖ್ವಾರಿಜಂನಲ್ಲಿ, ಅಂದರೆ ಇಂದಿನ ಉಜ್ಬೇಕಿಸ್ತಾನದಲ್ಲಿ, ಹುಟ್ಟಿದರು. ಗಣಿತ ಮತ್ತು ಖಗೋಳಶಾಸ್ತ್ರದಲ್ಲಿ ಪ್ರಸಿದ್ಧರು. 1017ರಲ್ಲಿ ಘಜ್ನಿ ಮಹಮೂದ್ ಆ ರಾಜ್ಯವನ್ನು ಗೆದ್ದು, ಅವರನ್ನು ತನ್ನ ರಾಜಧಾನಿಗೆ ಕರೆದೊಯ್ದ. ಭಾರತದ ಮೇಲೆ ಮತ್ತೆ ಮತ್ತೆ ದಂಡೆತ್ತಿ ಬಂದವನೂ ಅವನೇ.

ದೊರೆ ಭಾರತದ ಸಂಪತ್ತನ್ನು ಹುಡುಕಿದರೆ, ಬೆರೂನಿ ಹುಡುಕಿದ್ದು ಪುಸ್ತಕಗಳನ್ನು. ನಲವತ್ತು ದಾಟಿದ ಮೇಲೆ ಸಂಸ್ಕೃತ ಕಲಿತರು. ಪಂಡಿತರ ಮುಂದೆ ಶಿಷ್ಯನಂತೆ ಕುಳಿತರು. ಪತಂಜಲಿಯ ಯೋಗಸೂತ್ರವನ್ನು ಅರಬ್ಬಿಗೆ ತಂದರು. ಸುಮಾರು 1030ರಲ್ಲಿ 80 ಅಧ್ಯಾಯಗಳ 'ಕಿತಾಬ್ ಅಲ್ ಹಿಂದ್' ಮುಗಿಸಿದರು.

ಅದರಲ್ಲಿ ಅವರದೊಂದು ನಿಯಮವಿತ್ತು. ವಾದಕ್ಕಿಳಿಯದೆ, ಹಿಂದೂಗಳು ತಮ್ಮ ಬಗ್ಗೆ ಏನು ಹೇಳುತ್ತಾರೋ ಅದನ್ನು ಹಾಗೆಯೇ ಓದುಗರ ಮುಂದಿಡುವುದು. ವಿಗ್ರಹಪೂಜೆಯ ಬಗ್ಗೆ ಬರೆಯುವಾಗ, ವಿಗ್ರಹಗಳು ಜನಸಾಮಾನ್ಯರಿಗಾಗಿ, ಜ್ಞಾನಿಗಳು ನಿರಾಕಾರನಾದ ಒಬ್ಬನೇ ದೇವರನ್ನು ನಂಬುತ್ತಾರೆ ಎಂದು ವಿವರಿಸಿದರು. ಗ್ರೀಕರಲ್ಲೂ ಹೀಗೆಯೇ ಇತ್ತೆಂದು ನೆನಪಿಸಿದರು. ಮದುವೆಯ ಪದ್ಧತಿಗಳು ವಿಚಿತ್ರವೆನಿಸಿದಾಗ, ಇಸ್ಲಾಮಿಗೆ ಮುಂಚಿನ ಅರಬರ ಪದ್ಧತಿಗಳನ್ನೂ ಪಕ್ಕದಲ್ಲಿಟ್ಟರು.

ಹಾಗೆಂದು ಎಲ್ಲವನ್ನೂ ಒಪ್ಪಿದವರಲ್ಲ. ಇಲ್ಲಿನ ವಿದ್ಯೆಯಲ್ಲಿ ಮುತ್ತಿನ ಜೊತೆ ಕಸವೂ ಬೆರೆತಿದೆ ಎಂದರು. ಹೊರಗಿನವರಿಂದ ಏನನ್ನೂ ಕಲಿಯಬೇಕಾಗಿಲ್ಲವೆಂಬ ಇಲ್ಲಿಯವರ ಅಭಿಮಾನವನ್ನು ಟೀಕಿಸಿದರು. ಆದರೆ ಮಹಮೂದನ ದಾಳಿಗಳು ನಾಡಿನ ಏಳಿಗೆಯನ್ನು ಹಾಳುಮಾಡಿ, ಮುಸ್ಲಿಮರ ಬಗ್ಗೆ ದ್ವೇಷ ಬೇರೂರಿಸಿದವು ಎಂದೂ ಬರೆದರು. ಅವನ ರಾಜಧಾನಿಯಲ್ಲೇ ಬದುಕುತ್ತಿದ್ದವರು ಹೀಗೆ ಬರೆಯಲು ಎಷ್ಟು ಧೈರ್ಯ ಬೇಕು!

ನಮಗೆ ಸಂತೋಷ ಕೊಡುವ ವಿಷಯವೊಂದಿದೆ. ಭಾರತದ ಲಿಪಿಗಳ ಪಟ್ಟಿಯಲ್ಲಿ ಅವರು ಕರ್ಣಾಟ ಲಿಪಿಯನ್ನೂ ಹೆಸರಿಸಿದ್ದಾರೆ. ಸೈನ್ಯಗಳಲ್ಲಿ ಕನ್ನರರೆಂದು ಕರೆಸಿಕೊಳ್ಳುತ್ತಿದ್ದ ಯೋಧರು ಆ ನಾಡಿನವರೆಂದೂ ಬರೆದಿದ್ದಾರೆ. ಅಷ್ಟು ದೂರದಲ್ಲಿದ್ದರೂ ನಮ್ಮ ಲಿಪಿ ಅವರ ಗಮನಕ್ಕೆ ಬಂದಿತ್ತು!

ಬೆರೂನಿ ಸುಮಾರು 1050ರಲ್ಲಿ ಘಜ್ನಿಯಲ್ಲಿ ತೀರಿಕೊಂಡರು. ಜರ್ಮನಿಯ ವಿದ್ವಾಂಸ ಎಡ್ವರ್ಡ್ ಸಖಾವ್ ಅವರ ಗ್ರಂಥದ ಅರಬ್ಬಿ ಮೂಲವನ್ನು 1887ರಲ್ಲಿ ಅಚ್ಚು ಹಾಕಿಸಿ, ಮುಂದೆ ಇಂಗ್ಲಿಷಿಗೂ ತಂದರು.

ಅರ್ಥ ಮಾಡಿಕೊಳ್ಳುವುದೆಂದರೆ ಒಪ್ಪಿಬಿಡುವುದಲ್ಲ. ಒಪ್ಪದಿರುವ ಮೊದಲು ಪೂರ್ತಿ ಕೇಳಿಸಿಕೊಳ್ಳುವುದು. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ಕಥೆ ಹೇಳೋಣ. ನಾವೂ ನೆನಪಿಟ್ಟುಕೊಳ್ಳೋಣ.