ಬರಿದಾದ ಎರಡನೆಯ ಮೆಟ್ಟಿಲು

ಅಮೆರಿಕದ ಸ್ಯಾನ್ ಹೋಸೆ ರಾಜ್ಯ ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಇಪ್ಪತ್ತು ಅಡಿಗೂ ಮಿಗಿಲಾದ ಸ್ಮಾರಕವೊಂದಿದೆ. ಅಲ್ಲಿಯ ಹಳೆಯ ವಿದ್ಯಾರ್ಥಿಗಳಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪದಕವೇದಿಕೆಯ ಮೊದಲನೆಯ ಹಾಗೂ ಮೂರನೆಯ ಮೆಟ್ಟಿಲುಗಳ ಮೇಲೆ ತಲೆ ಬಾಗಿಸಿ, ಮುಷ್ಟಿಯೆತ್ತಿ ನಿಂತಿದ್ದಾರೆ. ಎರಡನೆಯ ಮೆಟ್ಟಿಲು ಬರಿದು. ಅದು ಪೀಟರ್ ನಾರ್ಮನ್ನನ ಸ್ಥಾನ.

ನಾರ್ಮನ್ ಹುಟ್ಟಿದ್ದು 1942ರಲ್ಲಿ, ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ. ಸಾಲ್ವೇಷನ್ ಆರ್ಮಿಯ ಶ್ರದ್ಧಾವಂತ ಕುಟುಂಬ. ಮನುಷ್ಯರೆಲ್ಲರೂ ಸಮಾನರೆಂಬುದು ಆತನಿಗೆ ಮನೆಯಲ್ಲಿಯೇ ದೊರೆತ ಪಾಠ. ಮೊದಲು ಮಾಂಸದಂಗಡಿಯಲ್ಲಿ ಕೆಲಸ ಕಲಿತವನು ಮುಂದೆ ಉಪಾಧ್ಯಾಯನಾದ. ಬಿಳಿಯರಲ್ಲದವರನ್ನು ಹೊರಗಿಡುವ ವಲಸೆ ನೀತಿ ಆತನ ನಾಡಿನಲ್ಲಿ ಆಗ ಇನ್ನೂ ಅಳಿದಿರಲಿಲ್ಲ.

1968ರ ಅಕ್ಟೋಬರ್ 16. ಮೆಕ್ಸಿಕೋ ಒಲಿಂಪಿಕ್ಸಿನ 200 ಮೀಟರ್ ಓಟದಲ್ಲಿ ಸ್ಮಿತ್ 19.83 ಸೆಕೆಂಡುಗಳಲ್ಲಿ ಮೊದಲಿಗನಾದ, ನಾರ್ಮನ್ 20.06 ಸೆಕೆಂಡುಗಳಲ್ಲಿ ಎರಡನೆಯವನು, ಕಾರ್ಲೋಸ್ ಮೂರನೆಯವನು. ತಮ್ಮ ಜನ ಅನುಭವಿಸುತ್ತಿದ್ದ ವರ್ಣಭೇದವನ್ನು ವೇದಿಕೆಯ ಮೇಲೆಯೇ ಪ್ರತಿಭಟಿಸುವೆವೆಂದು ಅಮೆರಿಕದ ಇಬ್ಬರೂ ತಿಳಿಸಿದಾಗ, ನಾರ್ಮನ್ ತಾನೂ ಜೊತೆಗಿರುವೆನೆಂದ. ಅಮೆರಿಕದ ದೋಣಿ ಸ್ಪರ್ಧಿಯೊಬ್ಬನಿಂದ ಮಾನವ ಹಕ್ಕುಗಳ ಆಂದೋಲನದ ಬಿಲ್ಲೆಯನ್ನು ಪಡೆದು ಎದೆಗೆ ತೊಟ್ಟ. ಕಾರ್ಲೋಸ್ ತನ್ನ ಕಪ್ಪು ಕೈಗವಸುಗಳನ್ನು ಮರೆತು ಬಂದಿದ್ದ. ಇರುವ ಒಂದು ಜೊತೆಯನ್ನೇ ಹಂಚಿಕೊಳ್ಳಿರೆಂದು ಸೂಚಿಸಿದವನು ನಾರ್ಮನ್ನನೇ. ಒಬ್ಬನ ಬಲಗೈ, ಮತ್ತೊಬ್ಬನ ಎಡಗೈ ಮೇಲೇರಿದವು. ನಾರ್ಮನ್ ಕೈಯೆತ್ತಲಿಲ್ಲ, ಆದರೆ ಅವರ ಪಕ್ಕದಿಂದ ಸರಿಯಲೂ ಇಲ್ಲ.

ಸ್ಮಿತ್ ಮತ್ತು ಕಾರ್ಲೋಸರನ್ನು ತಂಡದಿಂದ ಹೊರಹಾಕಲಾಯಿತು. ನಾರ್ಮನ್ ಸ್ವದೇಶದಲ್ಲಿ ಕಟುಟೀಕೆಗೆ ಗುರಿಯಾದ. ಅರ್ಹತೆಯ ಕಾಲಮಿತಿಯೊಳಗೆ ಓಡಿದ್ದರೂ 1972ರ ಒಲಿಂಪಿಕ್ಸಿಗೆ ಆತ ಆಯ್ಕೆಯಾಗಲಿಲ್ಲ. ಆಯ್ಕೆಯ ಓಟದಲ್ಲಿ ಮೂರನೆಯವನಾದದ್ದು ಅದಕ್ಕೆ ಕಾರಣವೋ, ಆ ಬಿಲ್ಲೆ ಕಾರಣವೋ ಎಂಬ ವಾದ ಇಂದಿಗೂ ತೀರಿಲ್ಲ. ಆತನ 20.06 ಸೆಕೆಂಡುಗಳ ದಾಖಲೆಯಂತೂ ಆಸ್ಟ್ರೇಲಿಯದಲ್ಲಿ 56 ವರ್ಷ ಉಳಿಯಿತು. 2024ರಲ್ಲಿ ಅದನ್ನು ಮುರಿದವನು ಗೌಟ್ ಗೌಟ್, ದಕ್ಷಿಣ ಸೂಡಾನಿನಿಂದ ವಲಸೆ ಬಂದ ದಂಪತಿಗಳ ಮಗ.

2005ರಲ್ಲಿ ಸ್ಯಾನ್ ಹೋಸೆಯ ಸ್ಮಾರಕ ಸಿದ್ಧವಾದಾಗ ತನ್ನ ಪ್ರತಿಮೆ ಬೇಡವೆಂದವನು ಸ್ವತಃ ನಾರ್ಮನ್. ಬಂದವರು ಯಾರಾದರೂ ಆ ಜಾಗದಲ್ಲಿ ನಿಲ್ಲುವಂತಾಗಲಿ ಎಂಬುದು ಆತನ ಅಪೇಕ್ಷೆ. ಮರುವರ್ಷ ಅಕ್ಟೋಬರ್ 3ರಂದು ಆತ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಇದ್ದರು. ಆಸ್ಟ್ರೇಲಿಯದ ಸಂಸತ್ತು ಕ್ಷಮೆ ಕೋರಿದ್ದು 2012ರಲ್ಲಿ. ಕೇಳಿಸಿಕೊಳ್ಳಲು ಆತ ಇರಲಿಲ್ಲ.

ಅನ್ಯಾಯಕ್ಕೊಳಗಾದವನು ಮುಷ್ಟಿಯೆತ್ತುವುದು ಸಹಜ. ಅದರ ಬಿಸಿ ತನಗೆ ತಾಗದಿದ್ದಾಗಲೂ ಅವನ ಬಳಿ ನಿಲ್ಲುವವರು ವಿರಳ. ಆ ಮೆಟ್ಟಿಲು ಇನ್ನೂ ಬರಿದಾಗಿಯೇ ಇದೆ. ಏರುವವನು ಅಲ್ಲಿ ನಿಲ್ಲಲು ತಾನು ಅರ್ಹನೇ ಎಂದು ಒಮ್ಮೆ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.